ನಾಲ್ಕು ಹತ್ತರ ಬಸ್ಸು

ಒಳಗೆ ಬರುವ ಮುನ್ನ ದಾಂಗ್ವೊಲೆ ಉಂಗುರ ತೆಗೆಯುತ್ತಾಳೆ,
ಬಲಗೈಯದು. ವಿಲ್ನಿಯಸ್ಸಿನಲ್ಲಿ ಮದುವೆಯುಂಗುರ ಬಲಗೈಗೇ.
ಬೇಸಿಗೆಯಾದರೆ ಸೋಪು ಬೇಕು, ಚಳಿಗಾಲಕ್ಕೆ ತಾನೇ ಜಾರುತ್ತದೆ,
ಚಹಾದ ಹಳೆಯ ಡಬ್ಬಿಯೊಳಗೆ
ಠಣ್.
ಹದಿನೆಂಟು ವರ್ಷದ ನಿಯಮ:
ಬೆಳಕಿನ ದಾರಿಯಲ್ಲಿ ಹೊಳೆಯುವುದೇನೂ ಇರಕೂಡದು.
ಬಂಗಾರಕ್ಕೆ ಒಮ್ಮೆ ತಾಗಿ ಚಿಮ್ಮಿದರೆ ಸಾಕು,
ಯಾರ ಕಣ್ಣಿಗೆ ನುಗ್ಗೀತೋ ಹೇಳಬರುವುದಿಲ್ಲ.

ಕಾಣದ ಬೆಳಕು ಅದು.
ನಾನು ಪ್ಯಾಕಿಂಗಿನವನು, ನನಗೆ ಗೊತ್ತಿರುವುದು
ಥರ್ಮಾಕೋಲು, ಮರದ ಪೆಟ್ಟಿಗೆ, ಈ ಕಡೆ ಮೇಲೆ ಎನ್ನುವ ಬಾಣ.
ಬಾಗಿಲ ಗಾಜಿನಾಚೆ ನಿಂತು ನೋಡಿದ್ದೇನೆ:
ಕಿತ್ತಳೆ ಬಣ್ಣದ ಚೀಟಿಯೊಂದನ್ನು ಗಾಳಿಯಲ್ಲಿ ಹಿಡಿಯುತ್ತಾಳೆ,
ಏನೂ ಇಲ್ಲದ ಕಡೆ ಹಸಿರು ಚುಕ್ಕೆಯೊಂದು ಹುಟ್ಟುತ್ತದೆ.
ಚೀಟಿ ಸರಿಸಿದರೆ ಇಲ್ಲ.
ಕತ್ತಲಲ್ಲಿ ಹೊಳೆ ದಾಟುವವರು ಕಲ್ಲು ತಡವುವ ಹಾಗೆ
ಚುಕ್ಕೆಯಿಂದ ಚುಕ್ಕೆಗೆ, ಹನ್ನೊಂದು ಕನ್ನಡಿ.
ತಿರುಪು ಇಷ್ಟೇ ಇಷ್ಟು ಮುಂದಕ್ಕೆ,
ಉಸಿರು ಕಟ್ಟಿ,
ಅದರ ಅರ್ಧ ಹಿಂದಕ್ಕೆ.
ಒಂದೊಂದು ಮಿಡಿತ ಎಷ್ಟು ಗಿಡ್ಡವೆಂದರೆ
ಅಷ್ಟರಲ್ಲಿ ಬೆಳಕು ದಾಟುವುದು ಒಂದು ಕೂದಲಿನ ದಪ್ಪ,
ಎಂದು ಅವಳೇ ಹೇಳಿದ್ದು, ಊಟದ ಹೊತ್ತಲ್ಲಿ,
ಕಪ್ಪು ರೊಟ್ಟಿಗೆ ಬೆಣ್ಣೆ ಸವರುತ್ತ.

ಪರದೆಯ ಮೇಲೊಂದು ಗೆರೆ. ಬೆಳಕು ನಿಂತಲ್ಲೇ ನಿಂತಿದೆಯೇ ಎಂಬ ಗೆರೆ.
ಮೇಜಿಗೆ ಗಾಳಿ ತುಂಬಿದ ಕಾಲುಗಳು; ಲಾರಿ ಹೋದರೂ ಲೆಕ್ಕಕ್ಕಿಲ್ಲ.
ಮಧ್ಯಾಹ್ನ ನಾಲ್ಕು ಹತ್ತಕ್ಕೆ ಮಾತ್ರ
ಗೆರೆ ನಡುಗುತ್ತಿತ್ತು, ಮೂರು ಸಲ, ಬಿಕ್ಕಳಿಕೆಯಂತೆ.
ಹೊರಗೆ ತಿರುವಿನಲ್ಲಿ ಕೆಸ್ತಾಸನ ಟ್ರಾಲಿಬಸ್ಸು.
ಚರಂಡಿಯ ಸಡಿಲ ಮುಚ್ಚಳಕ್ಕೆ ಉಳಿದ ಚಾಲಕರೆಲ್ಲ ನಿಧಾನಿಸುತ್ತಾರೆ,
ಅವನೊಬ್ಬ ಇಲ್ಲ.
ಕೇಳಿದರೆ, ಬ್ರೇಕು ಹಳತು, ಎನ್ನುತ್ತಾನೆ ಹೆಂಡತಿಗೆ.
ಎಂಜಿನಿಯರ್ ವೈದೊತಾಸ್ ವರದಿಯಲ್ಲಿ ಬರೆದ:
ಮೂಲ ತಿಳಿಯದ ಕಂಪನ.
ಅವಳು ತಿದ್ದಲಿಲ್ಲ.

ಒಮ್ಮೆ ಉಂಗುರ ಡಬ್ಬಿಯಲ್ಲೇ ಮರೆತು ಮನೆಗೆ ಹೋದಳು.
ಆಮೇಲೆ ಮೂರು ದಿನ ಗೆರೆ ಅಲುಗಲಿಲ್ಲ.
ವೈದೊತಾಸನಿಗೆ ಬಹಳ ಸಂತೋಷವಾಯಿತು.

ಫೆಬ್ರವರಿಯಲ್ಲಿ ಹೊಸ ಮಾದರಿ ಬಂತು.
ಬೂದು ಬಣ್ಣ, ಎರಡು ರೊಟ್ಟಿ ಸಾಲಾಗಿಟ್ಟಷ್ಟು ಉದ್ದ, ಮೊಹರು ಮಾಡಿದ್ದು.
ಕನ್ನಡಿಗಳನ್ನು ಒಳಗಿನ ಪುಟ್ಟ ಮೋಟಾರುಗಳೇ ತಿರುಗಿಸಿಕೊಳ್ಳುತ್ತವೆ,
ಸೆಕೆಂಡಿಗೆ ಸಾವಿರ ಸಲ ತನ್ನನ್ನೇ ತಾನು ನೋಡಿಕೊಂಡು.
ಕನ್ನಡಕ ಬೇಡ, ಚೀಟಿ ಬೇಡ.
ಗೋಡೆಯ ಮೇಲಿನ ಉಂಗುರದ ಚಿತ್ರ, ಅದರ ಮೇಲಿನ ಕೆಂಪು ಗೀಟು,
ಎರಡನ್ನೂ ಕಿತ್ತರು. ಅಲ್ಲಿ ಬಣ್ಣ ಸ್ವಲ್ಪ ಬೆಳ್ಳಗಿದೆ.

ಅವತ್ತು ಉಂಗುರ ಅವಳ ಬೆರಳಲ್ಲೇ ಇತ್ತು.
ಹಗಲೆಲ್ಲ ಹೆಬ್ಬೆರಳಿಂದ ಅದನ್ನು ತಿರುಗಿಸುತ್ತಿದ್ದಳು.
ನಾಲ್ಕು ಹತ್ತು.
ಹಿಮ ಕಟ್ಟಿದ ತಂತಿಗೆ ಬಸ್ಸಿನ ಕೊಂಬು ಉಜ್ಜಿ
ಕಿಟಕಿಯಲ್ಲಿ ನೀಲಿ ಕಿಡಿ ಹಾರಿತು.
ಗೆರೆ ನೆಟ್ಟಗಿತ್ತು.
ಅವಳು ಗಡಿಯಾರ ನೋಡಿದಳು, ಪರದೆ ನೋಡಿದಳು,
ಒಳ್ಳೆಯ ಯಂತ್ರ, ಅಂದಳು.
ಒಳ್ಳೆಯದೇ. ಎದೆಯ ನಾಳಕ್ಕೆ ತೊಡಿಸುವ ಜಾಲರಿ ಕೊರೆಯಲು
ಪೋರ್ಟೊ ನಗರಕ್ಕೆ ಹೊರಟಿದೆ ಮೊದಲನೆಯದು.
ಪೆಟ್ಟಿಗೆಗೆ ಮೊಳೆ ಹೊಡೆದವನು ನಾನೇ.

ಮಾರನೆಯ ದಿನ ಡಬ್ಬಿಯನ್ನು ನನ್ನ ಕಡೆಗೆ ತಂದಳು.
ಪ್ಯಾಕಿಂಗ್ ಮೇಜಿನ ಪಕ್ಕದ ಕಿಟಕಿಕಟ್ಟೆ, ರಸ್ತೆಗೆ ತೀರ ಹತ್ತಿರ.
ಇಲ್ಲಿ ಇಡಬಹುದೇ?
ಉಂಗುರ ತೆಗೆದು ಒಳಗೆ ಹಾಕಿದಳು, ಯಾರೂ ತೆಗೆಯೆಂದಿರಲಿಲ್ಲ.

ಈಗ ನಾಲ್ಕಕ್ಕೆ ಇನ್ನೂ ಸ್ವಲ್ಪ ಇರುವಾಗಲೇ
ಟೇಪು ಎಳೆಯುವುದನ್ನು ನಿಲ್ಲಿಸುತ್ತೇನೆ.
ಟೇಪಿನ ಸದ್ದು ಜೋರು,
ತಗಡಿನ ಡಬ್ಬಿಯದು ತೀರ ಸಣ್ಣದು.